ಹಿಂದಿನ ಸೀಟಿನ ಹೊಗೆ

ಪೆಟ್ರೋಲ್ ಕದಿಯುತ್ತಿರುವವರು ಯಾರು ಅಂತ ನಾನು ಮೊದಲು ಅನುಮಾನಪಟ್ಟದ್ದು ನನ್ನ ಗಂಡನ ಮೇಲೆ. ಕಾರಿನ ಬೀಗದ ಕೈ ಇರುತ್ತಿದ್ದದ್ದು ಅವರ ಜೇಬಿನಲ್ಲಿ, ಅವರ ಸ್ನೇಹಿತರಿಗೆಲ್ಲ ಮೋಟರ್ ಸೈಕಲ್ಲು, ಜೊತೆಗೆ ಯಾರು ಏನು ಕೇಳಿದರೂ ಇಲ್ಲ ಅನ್ನದ ಬಾಯಿ. ಮನೆಯಲ್ಲಿ ಸಾಮಾನು ಕಡಿಮೆಯಾದರೆ ಮೊದಲು ಮನೆಯವರನ್ನೇ ಕೇಳಬೇಕು, ಆಮೇಲೆ ಹೊರಗಿನವರನ್ನು. ಇದು ವ್ಯಾಪಾರದಲ್ಲಿ ಕಲಿತದ್ದು. ನಿಮಗೂ ಹೇಳಿರುತ್ತೇನೆ.

ಆಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಾವಿದ್ದದ್ದು ನಂಜನಗೂಡಿನಲ್ಲಿ, ಬಾಡಿಗೆ ಮನೆ. ನಾನು ಸ್ಟೀಲ್ ಪಾತ್ರೆ ಮಾರುತ್ತಿದ್ದೆ. ಮದುವೆಗೆ ಮುಂಚೆ ಬನ್ನೂರು ಸಂತೆಯಲ್ಲಿ ಗೋಣಿತಾಟು ಹಾಸಿ ನಾಲ್ಕು ಲೋಟ, ನಾಲ್ಕು ಸೌಟು ಇಟ್ಟುಕೊಂಡು ಕೂತವಳು, ಮದುವೆಯಾದ ಮೇಲೆ ಬಿಂದಿಗೆ, ಕೊಳಗ, ಕುಕ್ಕರಿನವರೆಗೂ ಬಂದಿದ್ದೆ. ಮೂಗೂರು, ನರಸೀಪುರ, ಬನ್ನೂರು, ಸುತ್ತೂರಿನ ಸುತ್ತಮುತ್ತ, ಎಲ್ಲಿ ಜನ ಸೇರುತ್ತಾರೋ ಅಲ್ಲಿ ನಮ್ಮ ಅಂಗಡಿ. ಬಸ್ಸಿನ ಟಾಪಿಗೆ ಪಾತ್ರೆ ಮೂಟೆ ಏರಿಸಿ ಇಳಿಸುವಷ್ಟರಲ್ಲಿ ಒಂದಲ್ಲ ಒಂದು ಬಿಂದಿಗೆ ನೆಗ್ಗಿರುತ್ತಿತ್ತು. ನೆಗ್ಗಿದ ಬಿಂದಿಗೆಗೆ ನಮ್ಮ ಕಡೆಯ ಹೆಂಗಸರು ಕೇಳುವ ಬೆಲೆ ಕೇಳಿದರೆ ಅಳು ಬರಬೇಕು. ಅದಕ್ಕೇ ಕಾರು ತಗೊಂಡದ್ದು.

ಕಾರು ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು. ದುಂಡು ಬೆನ್ನು, ಪೆಟ್ರೋಲ್ ಇಂಜಿನ್ನು, ಒಳಗೆ ಒಂದು ಸಂಸಾರವನ್ನೇ ಕೂರಿಸಬಹುದಾದ ಸೀಟು. ಸುತ್ತೂರಿನ ಕಡೆ ಗದ್ದೆ ತೋಟ ಮಾಡಿಕೊಂಡಿದ್ದ ಒಬ್ಬ ಯಜಮಾನರದು. ಚೌಕಾಸಿಗೆ ಕೂತಾಗ ನಾನು ಕಾರಿನ ಒಳಗೆಲ್ಲ ಕೈಯಾಡಿಸಿದೆ. ಸ್ಟೇರಿಂಗ್ ಪಕ್ಕದಲ್ಲಿ ಒಂದು ಕರೀ ಗುಂಡಿ ಇತ್ತು.

"ಇದೇನು ಯಜಮಾನ್ರೆ?"

"ಚೋಕು ಕಣವ್ವ. ಚಳಿಗಾಲ್ದಲ್ಲಿ ಗಾಡಿ ಸ್ಟಾರ್ಟಾಗ್ದೆ ಓದ್ರೆ ಎಳ್ಯಾದು. ನಮ್ ಬಿಸ್ಲಿಗೆ ಅದ್ಯಾಕ್ ಬೇಕು, ನಾನು ಮುಟ್ಟೇ ಇಲ್ಲ."

"ಕೆಲಸ ಮಾಡುತ್ತೋ ಇಲ್ಲವೋ?"

"ಯಾರಿಗ್ಗೊತ್ತು."

"ಹಾಗಾದರೆ ಕೆಟ್ಟಿದೆ ಅಂತಲೇ ಲೆಕ್ಕ. ಕೆಟ್ಟ ಗುಂಡಿಗೆ ನಾನ್ಯಾಕೆ ದುಡ್ಡು ಕೊಡಲಿ? ಇನ್ನೊಂದು ಸ್ವಲ್ಪ ಇಳಿಸಿ."

ಯಜಮಾನರು ನನ್ನನ್ನು ಬಿಟ್ಟು ನಮ್ಮನೆಯವರ ಕಡೆ ತಿರುಗಿದರು. "ಏನಯ್ಯ ನಿನ್ ಎಂಡ್ತಿ, ಇನ್ನೊಸಿ ವೊತ್ತು ಬುಟ್ರೆ ಆರನ್ ಗೊಗ್ಗರು ಅಂತ ಅದ್ಕೂ ಇಳ್ಸಿ ಅಂತಾಳೆ."

"ಅದನ್ನ ಆಗ್ಲೇ ನೆನಪಿಟ್ಕಂಡವಳೆ ಯಜಮಾನ್ರೆ" ಅಂದರು ಇವರು.

ಇಳಿಸಿದರು. ಆವತ್ತು ಮನೆಗೆ ಬರುವಾಗ ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದೆ. ಕಬಿನಿ ಪಕ್ಕದ ಗದ್ದೆಗಳೆಲ್ಲ ನನ್ನವೇ ಅನ್ನಿಸಿತ್ತು.

ಪಾತ್ರೆ ತುಂಬುವುದಕ್ಕೆ ಒಂದು ವರಸೆ ಮಾಡಿಕೊಂಡಿದ್ದೆವು. ಕುಕ್ಕರು, ತಕ್ಕಡಿ, ಡಬ್ಬಗಳು ಮುಂದೆ, ಡ್ರೈವರ್ ಪಕ್ಕದ ಸೀಟಿಗೆ. ಕೊಳಗ, ಬಿಂದಿಗೆ ಹಿಂದಿನ ಡಿಕ್ಕಿಗೆ. ದೊಡ್ಡ ಕೊಳಗ ಇಟ್ಟರೆ ಡಿಕ್ಕಿ ಮುಚ್ಚುತ್ತಿರಲಿಲ್ಲ, ಬಾಗಿಲನ್ನು ಅರ್ಧ ಎತ್ತಿ ಹಗ್ಗ ಬಿಗಿಯುತ್ತಿದ್ದೆವು. ನಮ್ಮ ಕಡೆ ಸಂತೆಗೆ ಹೋಗುವ ಎಲ್ಲ ಕಾರೂ ಹಾಗೇ, ಬಾಯಿ ಕಳೆದುಕೊಂಡೇ ಓಡುವುದು. ನನಗೆ ಹಿಂದಿನ ಸೀಟು. ಸೀಟಿನ ಬೆನ್ನು ಹಳತು, ಒಂದು ಕಡೆ ಹಲಗೆ ಬಿಟ್ಟುಕೊಂಡು ಡಿಕ್ಕಿಯೊಳಗಿನ ಬಿಂದಿಗೆ ಅಲ್ಲಿಂದಲೇ ಕಾಣುತ್ತಿತ್ತು. ಅದೂ ಒಂದು ಅನುಕೂಲವೇ, ಸರಕು ಕಣ್ಣೆದುರಿಗೇ ಇರುತ್ತದೆ ಅಂತ ಅಂದುಕೊಂಡಿದ್ದೆ.

ಕಾರು ಬಂದ ಮೇಲೆ ನಾನು ಬಸುರಿಯಾದೆ. ಎರಡನೇ ಬಾರಿ. ಮೊದಲನೆಯದು ನಾಲ್ಕು ತಿಂಗಳಿಗೇ ಹೋಗಿತ್ತು. ಯಾಕೆ ಹೋಯಿತು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಅತ್ತೆ ಮಾತ್ರ ಅದನ್ನು ಮರೆಯದೆ, ಈ ಸಲ ವಿಷಯ ಗೊತ್ತಾದ ದಿನವೇ ಬಿಳೀ ಬಟ್ಟೆಯ ತುಂಡನ್ನು ಅರಿಶಿನದ ನೀರಿನಲ್ಲಿ ಅದ್ದಿ, ಒಣಗಿಸಿ, ಅದರಲ್ಲೊಂದು ರೂಪಾಯಿ ಇಟ್ಟು ಮುಡಿಪು ಕಟ್ಟಿದರು. ಕೂಸು ಕೈಗೆ ಬಂದ ಮೇಲೆ ನಂಜಪ್ಪನ ಹುಂಡಿಗೆ. ಮುಡಿಪನ್ನು ದೇವರ ಮನೆಯಲ್ಲಿ ಇಡುವುದು ವಾಡಿಕೆ. ಅತ್ತೆ ಒಪ್ಪಲಿಲ್ಲ.

"ಇವಳು ಮನೇಲಿ ಕುಂತ್ಕಳೋ ಎಂಗ್ಸಾ? ದಿನಾ ರೋಡ್ ಮ್ಯಾಲಿರ್ತಾಳೆ. ಕಾಯೋನೂ ರೋಡ್ ಮ್ಯಾಲೇ ಇರ್ಲಿ" ಅಂದು ಮಗನ ಕೈಗೆ ಕೊಟ್ಟರು. "ಕಾರಲ್ಲಿ ಅವಳ ಕಣ್ಗೆ ಕಾಣೋಂಗೆ ಕಟ್ಲಾ."

ಇವರು ಅದನ್ನು ಮುಂದುಗಡೆ ನೇತು ಹಾಕಿದರು. ಸಂತೆಗೆ ಹೋಗುವಾಗ ಹಳದಿ ಗಂಟು ಅಲ್ಲಾಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಅದನ್ನು ನೋಡಿದರೆ ಧೈರ್ಯವೇ.

ಐದನೇ ತಿಂಗಳ ಹೊತ್ತಿಗೆ ತಲೆನೋವು ಶುರುವಾಯಿತು. ಸಾಮಾನ್ಯದ್ದಲ್ಲ. ಎರಡೂ ಕಣತಲೆಗೆ ಇಕ್ಕಳ ಹಾಕಿ ಹಿಂಡಿದ ಹಾಗೆ. ನರಸೀಪುರದ ಸೇತುವೆ ದಾಟುವ ಹೊತ್ತಿಗೆ ಹೊಟ್ಟೆ ತೊಳಸುವುದು, ಕಣ್ಣು ಮಂಜು, ಕೈಕಾಲು ನನ್ನವಲ್ಲ ಅನ್ನುವ ಹಾಗೆ. ಸಂತೆಯಲ್ಲಿ ಗೋಣಿತಾಟಿನ ಮೇಲೆ ಕೂತು ಗಾಳಿ ಬೀಸಿದರೆ ನಿಧಾನಕ್ಕೆ ಸರಿಹೋಗುತ್ತಿತ್ತು. ವಾಪಸ್ಸು ಬರುವಾಗ ಮತ್ತೆ ಅದೇ. ಬಸುರಲ್ಲಿ ವಾಂತಿ ಯಾರಿಗಾಗಲ್ಲ ಅಂದರು ಎಲ್ಲರೂ. ಡಾಕ್ಟರಮ್ಮನೂ ಮಾತ್ರೆ ಬರೆದುಕೊಟ್ಟು ಓಡಾಟ ಕಡಿಮೆ ಮಾಡು ಅಂದರು. ಮನೆಯಲ್ಲಿದ್ದ ದಿನ ನಾನು ಚೆನ್ನಾಗಿಯೇ ಇರುತ್ತಿದ್ದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ಯಾಕೆಂದರೆ ಚೆನ್ನಾಗಿರುವ ದಿನ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ನಾನು ಸುಸ್ತಾಗಿ ಬಂದಾಗಲೆಲ್ಲ ಅತ್ತೆ ಮುಡಿಪಿಗೆ ಇನ್ನೊಂದು ನಾಣ್ಯ ಸೇರಿಸಿ ಮತ್ತೆ ಕಟ್ಟಿಕೊಡುತ್ತಿದ್ದರು.

ಇದರ ಜೊತೆಗೇ ಪೆಟ್ರೋಲ್ ಕಾಟ. ಮೊದಮೊದಲು ಒಂದು ಸಲ ಹಾಕಿಸಿದರೆ ಮೂರು ಸಂತೆ ಮುಗಿಯುತ್ತಿತ್ತು. ಬರಬರುತ್ತ ಎರಡಕ್ಕೇ ಬಂತು. ಆಮೇಲೆ ಮೂಗೂರಿಗೆ ಹೋಗಿ ಬರುವಷ್ಟರಲ್ಲೇ ಮುಳ್ಳು ಕೆಳಗೆ. ಗಂಡನನ್ನು ಕೇಳಿದೆ. ಅವರು ದೇವರ ಫೋಟೋ ಮುಟ್ಟಿ ಆಣೆ ಮಾಡಿದರು. ಪೆಟ್ರೋಲ್ ಬಂಕಿಗೆ ಹೋಗಿ ನನ್ನದೇ ಅಂಗಡಿಯ ಲೀಟರ್ ಪಾವು ಕೊಟ್ಟು ಇದಕ್ಕೆ ಹಾಕಿ ತೋರಿಸಿ ಅಂದೆ. ಹಾಕಿದರು. ಕಂಠದವರೆಗೆ ಸರಿಯಾಗಿ ಬಂತು. ಹುಡುಗರು ನಗುತ್ತಿದ್ದರು. ನಾನು ಆ ಪಾವನ್ನು ತೊಳೆದು ತೊಳೆದು ಸಾಕಾಗಿ ಕೊನೆಗೆ ಸೀಮೆಎಣ್ಣೆಗೆ ಇಟ್ಟುಕೊಂಡೆ.

ಕಾರಿನ ಹಿಂದೆ ಕಪ್ಪು ಹೊಗೆ ಬರುತ್ತಿದೆ ಅಂತ ಮೊದಲು ಹೇಳಿದವರು ಮೊಪೆಡ್ಡಿನಲ್ಲಿ ನಮ್ಮ ಹಿಂದೆ ಬಂದ ಒಬ್ಬ ಮೇಷ್ಟ್ರು. ಅಡ್ಡ ಹಾಕಿ ನಿಲ್ಲಿಸಿ ತಮ್ಮ ಬಿಳೀ ಪಂಚೆ ತೋರಿಸಿದರು. ಮಸಿ. "ನೋಡ್ರೀ, ಮದುವೆಗೆ ಹೊರಟಿದ್ದೆ, ಸೌದೆ ಒಲೆ ಮುಂದೆ ಕೂತು ಬಂದೋನ ಹಾಗಾಗಿದೀನಿ" ಅಂದರು. ಅವರನ್ನು ಸಮಾಧಾನ ಮಾಡಿ ಒಂದು ಲೋಟ ಕೊಟ್ಟು ಕಳಿಸಿದೆ.

ಹಳೇ ಕಾರು ಇಟ್ಟುಕೊಂಡವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೀನು. ಹೊಗೆಯ ಬಣ್ಣ ನೋಡಿ. ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಅದು ದೊಡ್ಡ ಖರ್ಚು. ಇಂಜಿನ್ ಬಿಸಿಯಾದ ಮೇಲೂ ಬಿಳೀ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಇಂಜಿನ್ ಆರಿಸಿ, ಸೈಲೆನ್ಸರ್ ತಣ್ಣಗಾದ ಮೇಲೆ ಅದರ ಬಾಯೊಳಗೆ ಬೆರಳು ಆಡಿಸಿ. ದೀಪದ ಕಾಡಿಗೆ ಹಾಗೆ ಒಣ ಮಸಿ ಬಂದರೆ ನಿಮ್ಮ ಪೆಟ್ರೋಲನ್ನು ಕದಿಯುತ್ತಿರುವವನು ಮನುಷ್ಯನಲ್ಲ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ.

ರೈಲು ಗೇಟಿನ ಕಡೆ ಒಬ್ಬ ಮೆಕ್ಯಾನಿಕ್ ಇದ್ದ. ಮಾತು ಜೋರು, ಕೈ ಪರವಾಗಿಲ್ಲ. ಕಾರು ತಗೊಂಡು ಹೋದೆವು. ಬಾಗಿಲು ತೆಗೆದವನು ಮುಡಿಪು ನೋಡಿ ಹಿಂದಕ್ಕೆ ಸರಿದ.

"ಅಣ್ಣ, ದೇವ್ರದ್ದು ಬಿಚ್ಚಿ ಇಟ್ಕಳಿ. ನಮ್ದು ಗ್ರೀಸ್ ಕೈ, ಬೆಳಗ್ಗೆ ಮೀನು ಬೇರೆ ತಿಂದಿವ್ನಿ."

ಇವರು ಬಿಚ್ಚಿ ಜೇಬಿಗಿಟ್ಟುಕೊಂಡರು. ಮೆಕ್ಯಾನಿಕ್ ಇಂಜಿನ್ ಓಡಿಸಿದ, ಕೇಳಿದ, ತಲೆ ಅಲ್ಲಾಡಿಸಿದ. ಪ್ಲಗ್ಗು ಬಿಚ್ಚಿ ತೋರಿಸಿದ. ನಾಲ್ಕೂ ಕಾಡಿಗೆ ಡಬ್ಬಿಗೆ ಅದ್ದಿ ತೆಗೆದ ಹಾಗಿದ್ದವು. ಪ್ಲಗ್ಗು ಹೊಸದು ಹಾಕಿದ, ಕಾರ್ಬೊರೇಟರ್ ತೊಳೆದ. ಓಡಿಸಿ ತೋರಿಸಿದ. ಹೊಗೆ ಇಲ್ಲ, ಸದ್ದು ಸಣ್ಣಗೆ, ಚೆನ್ನಾಗಿತ್ತು. ನಾನು ಅವನ ಕೂಲಿಯಲ್ಲಿ ಸ್ವಲ್ಪ ಮುರಿದುಕೊಂಡೇ ಕೊಟ್ಟೆ. ಇವರು ಜೇಬಿನಿಂದ ಮುಡಿಪು ತೆಗೆದು, ಕಣ್ಣಿಗೊತ್ತಿಕೊಂಡು, ಮೊದಲಿದ್ದಲ್ಲೇ ಕಟ್ಟಿದರು. ಮನೆಗೆ ಬಂದೆವು.

ಮುಂದಿನ ಸಂತೆಗೆ ಹೋದಾಗ ಮತ್ತೆ ಕಪ್ಪು ಹೊಗೆ. ಮತ್ತೆ ತಲೆನೋವು. ವಾಪಸ್ಸು ಬಂದು ನೇರ ಅವನ ಮುಂದೆ ನಿಂತೆ.

"ಏನಣ್ಣ, ನಿನ್ನ ಕೆಲಸ ಊರು ದಾಟೋವರೆಗೆ ಮಾತ್ರಾನಾ?"

"ಅಕ್ಕೋ, ನಾನ್ ಕೈ ಹಾಕಿದ್ ಗಾಡಿ ಇಂಗ್ ಬರಲ್ಲ. ನೀವೇ ಏನೋ ಮಾಡಿದೀರಿ."

"ನಾವೇನು ಮಾಡೋಣ, ಪೆಟ್ರೋಲ್ ಬದಲು ಇದ್ದಿಲು ಹಾಕ್ತೀವಾ?"

ಮತ್ತೆ ಮುಡಿಪು ಬಿಚ್ಚಿ ಜೇಬಿಗೆ. ಮತ್ತೆ ಕಾರ್ಬೊರೇಟರ್ ತೊಳೆದ. ಮತ್ತೆ ಎಲ್ಲ ಸರಿ. ಮತ್ತೆ ಮುಡಿಪು ಕಟ್ಟಿಕೊಂಡು ಹೊರಟೆವು, ಗೇಟು ದಾಟುವಷ್ಟರಲ್ಲಿ ಹಿಂದೆ ಕಪ್ಪು ಬಾಲ. ಕಾರು ತಿರುಗಿಸಿಕೊಂಡು ಬಂದೆವು. ಆವತ್ತು ಅವನು ಸೋತವನ ಹಾಗೆ ಇಂಜಿನ್ನೇ ಬಿಚ್ಚಬೇಕು ಅಂದ. ಬಿಚ್ಚುವ ಮಾತು ಬಂದರೆ ಸುಮ್ಮನೆ ಎದ್ದು ಬರಬೇಕು ಅನ್ನುವುದು ನನ್ನ ಲೆಕ್ಕ. ಎದ್ದು ಬಂದೆ.

ಆಮೇಲೆ ಕೋಳಿಯದ್ದು.

ಮೂಗೂರಿನಲ್ಲಿ ವ್ಯಾಪಾರ ಚೆನ್ನಾಗಿ ಆಗಿತ್ತು. ಕುಕ್ಕರುಗಳೆಲ್ಲ ಹೋಗಿ ಮುಂದಿನ ಸೀಟು ಖಾಲಿ. ಒಬ್ಬ ಮುದುಕಿ ಕೊಳಗ ಬೇಕು, ಕಾಸಿಲ್ಲ, ಕೋಳಿ ತಗೋ ಅಂದಳು. ಒಂದು ಗಂಟೆ ಎಳೆದಾಡಿ ಮೂರು ಹ್ಯಾಟೆಗೆ ಒಪ್ಪಿಸಿದೆ. ಕಣ್ಣು, ಜುಟ್ಟು, ಕಾಲು ಎಲ್ಲ ನೋಡಿ ತಗೊಂಡದ್ದು, ಒಂದೊಂದೂ ಗಟ್ಟಿಮುಟ್ಟು. ಕಾಲು ಕಟ್ಟಿ ಬುಟ್ಟಿಗೆ ಹಾಕಿ, ಮೇಲೆ ಬಲೆ ಕಟ್ಟಿ, ಹಿಂದಿನ ಸೀಟಿನಲ್ಲಿ ನಾನು ಕೂರುವ ಜಾಗದಲ್ಲಿ ಇಟ್ಟೆವು. ಆವತ್ತು ನನಗೆ ವಾಂತಿ ಜಾಸ್ತಿ ಇದ್ದದ್ದರಿಂದ ನಾನು ಮುಂದೆ, ಕಿಟಕಿ ಪಕ್ಕ ಕೂತೆ. ದಾರಿಯಲ್ಲಿ ಮಳೆ. ಹಿಂದಿನ ಗಾಜು ಏರಿಸಿದ್ದೆವು, ಮುಂದಿನದು ಇಬ್ಬರದೂ ನಾಲ್ಕು ಬೆರಳು ಇಳಿಸಿದ್ದೆವು. ಡಿಕ್ಕಿಯಲ್ಲಿ ಮಾರಾಟವಾಗದ ದೊಡ್ಡ ಕೊಳಗ ಒಂದು ಇತ್ತು, ಹಗ್ಗ ಕಟ್ಟಿಯೇ ಇತ್ತು. ನರಸೀಪುರದವರೆಗೆ ಕೋಳಿಗಳು ಗೊಣಗುತ್ತಿದ್ದವು. ಆಮೇಲೆ ಸುಮ್ಮನಾದವು. ಮಲಗಿರಬೇಕು ಅಂದುಕೊಂಡೆವು.

ಮನೆ ಮುಂದೆ ಇಳಿದು ಬಲೆ ಬಿಚ್ಚಿದೆ. ಮೂರೂ ಸತ್ತಿದ್ದವು.

ಗಾಯವಿಲ್ಲ, ರಕ್ತವಿಲ್ಲ. ಕತ್ತು ವಾಲಿಸಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಒಂದನ್ನು ಎತ್ತಿದೆ, ಇನ್ನೂ ಬೆಚ್ಚಗಿತ್ತು. ನಾನು ಸಂತೆಯಲ್ಲಿ ಬೆಳೆದವಳು, ಸತ್ತ ಕೋಳಿ ನೋಡಿದ್ದೇನೆ. ರೋಗದಲ್ಲಿ ಸತ್ತರೆ ಜುಟ್ಟು ಕಪ್ಪಗಾಗಿರುತ್ತದೆ. ಇವುಗಳದ್ದು ದಾಸವಾಳದ ಹಾಗೆ ಕೆಂಪಗಿತ್ತು, ಬದುಕಿದ್ದಾಗಲೂ ಅಷ್ಟು ಕೆಂಪಿರಲಿಲ್ಲ. ಬುಟ್ಟಿ ಇದ್ದ ಜಾಗ ನೋಡಿದೆ. ದಿನಾ ನಾನು ಕೂರುವ ಜಾಗ. ಇನ್ನೊಂದು ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು.

ಅತ್ತೆ ಹೊರಗೆ ಬಂದು ನೋಡಿದರು. ನೋಡಿ ಕೈ ಮುಗಿದರು.

"ಓಗ್ಲಿ ಬುಡವ್ವ. ನಿಂಗೆ ಬರಾದು ಕೋಳಿಗೆ ಓಯ್ತು. ನಂಜಪ್ಪ ಕಾದ" ಅಂದು ಮುಡಿಪು ತರಿಸಿಕೊಂಡು ಇನ್ನೂ ಒಂದು ನಾಣ್ಯ ಹಾಕಿ ಕಟ್ಟಿದರು. ಗಂಟು ಈಗ ಮುಷ್ಟಿಗಾತ್ರ ಆಗಿತ್ತು.

ನನಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಗ್ಗೆ ಎದ್ದು ಕಾರಿನ ಬಾಗಿಲು ತೆಗೆದು ಹಿಂದಿನ ಸೀಟನ್ನು ನೋಡುತ್ತ ನಿಂತೆ. ಕೋಳಿಯ ಸಣ್ಣ ಪುಕ್ಕಗಳು ಉದುರಿದ್ದವು. ಎಲ್ಲಿ? ಡಿಕ್ಕಿ ಅರ್ಧ ತೆರೆದಿತ್ತು, ಸೀಟಿನ ಬೆನ್ನಿನಲ್ಲಿ ಸಂದು ಇತ್ತು. ಕಾರು ಮುಂದೆ ಓಡಿದರೆ ಪುಕ್ಕ ಹಿಂದಕ್ಕೆ ಹಾರಿ ಡಿಕ್ಕಿಯಿಂದ ಹೊರಗೆ ಹೋಗಬೇಕು. ನಾನು ಹಾಗಂತಲೇ ತಿಳಿದಿದ್ದೆ, ನೀವೂ ಹಾಗೇ ತಿಳಿದಿರುತ್ತೀರಿ. ಡಿಕ್ಕಿಯಲ್ಲಿ ಒಂದು ಪುಕ್ಕವೂ ಇರಲಿಲ್ಲ. ಎಲ್ಲ ಮುಂದಿನ ಸೀಟಿನ ಬೆನ್ನಿಗೆ ಅಂಟಿಕೊಂಡಿದ್ದವು. ಗಾಳಿ ಹಿಂದಿನಿಂದ ಮುಂದಕ್ಕೆ ಬೀಸಿತ್ತು. ಡಿಕ್ಕಿಯ ಕೆಳಗೇ ಸೈಲೆನ್ಸರ್ ಬಾಯಿ. ಕಾರು ಓಡಿದಷ್ಟೂ ತನ್ನ ಹೊಗೆಯನ್ನು ತಾನೇ ಡಿಕ್ಕಿಯಿಂದ ಒಳಗೆಳೆದುಕೊಂಡು, ಆ ಸಂದಿನಿಂದ ನನ್ನ ಬೆನ್ನ ಹಿಂದೆ ಬಿಡುತ್ತಿತ್ತು.

ನಮ್ಮನೆಯವರನ್ನು ಕರೆದು ತೋರಿಸಿದೆ. ಅವರು ಒಂದು ಪುಕ್ಕ ಕಿತ್ತು ಸೀಟಿನ ಸಂದಿಗೆ ಹಿಡಿದು ನೋಡಿದರು. ಆಮೇಲೆ, "ಮೆಕ್ಯಾನಿಕ್ ಹತ್ರ ಹೋಗಿ ಅಲ್ಲಿಂದ ಡಾಕ್ಟರಮ್ಮನ ಹತ್ರ ಹೋಗಣ. ಅವ್ವನ್ನೂ ಕರ್ಕೊ" ಅಂದರು. ಕಾರನ್ನು ಅವರೊಬ್ಬರೇ ಗಾಜೆಲ್ಲ ಇಳಿಸಿ ಓಡಿಸಿಕೊಂಡು ಹೋದರು. ನಾನೂ ಅತ್ತೆಯೂ ನಡೆದುಕೊಂಡು ಹೋದೆವು.

ಮೆಕ್ಯಾನಿಕ್ ನಮ್ಮನ್ನು ನೋಡಿ ಮುಖ ತಿರುಗಿಸಿದ. ಕೋಳಿಯ ವಿಷಯ ಹೇಳಿದ ಮೇಲೆ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಅಕ್ಕ, ಅಂಗಾರೆ ಒಗೆ ಒಳ್ಗೇ ಬತ್ತದೆ. ಡಿಕ್ಕಿ ತಕ್ಕಂಡು ಓಡುಸ್ಬೇಡಿ ಇನ್ಮ್ಯಾಲೆ. ಆ ಸಂದು ನಾನ್ ತಗಡು ಒಡ್ದು ಮುಚ್ಕೊಡ್ತೀನಿ. ಆದ್ರೆ ಇಷ್ಟು ಕರೀ ಒಗೆ ಯಾಕ್ ಬತ್ತದೆ ಅನ್ನದು ನಂಗ್ ತಿಳೀತಿಲ್ಲ. ಸುಳ್ಳೇಳಿದ್ರೆ ಏನ್ ಬಂತು."

ವಾಡಿಕೆಯಂತೆ ಇವರು ಮುಡಿಪು ಬಿಚ್ಚಿದರು. ಅವನು ಇಂಜಿನ್ ಓಡಿಸಿದ. ಹೊಗೆ ಇಲ್ಲ. ಸ್ವಲ್ಪ ಹೊತ್ತು ಎಲ್ಲರೂ ಸೈಲೆನ್ಸರ್ ಬಾಯಿ ನೋಡುತ್ತ ನಿಂತೆವು. ಇಲ್ಲವೇ ಇಲ್ಲ.

ಈ ಸಲ ನಾನು ಹಟ ಹಿಡಿದೆ. ಇಂಜಿನ್ ಆರಿಸಬೇಡ ಅಂದೆ. ಇಲ್ಲಿ ಸರಿಯಾಗಿರುವುದು ದಾರಿಯಲ್ಲಿ ಕೆಡುತ್ತದೆ ಅಂದರೆ ಇಲ್ಲಿಂದ ಹೊರಡುವಾಗ ನಾವು ಏನೋ ಮಾಡುತ್ತಿದ್ದೇವೆ. ಏನು ಮಾಡುತ್ತೇವೋ ಅದನ್ನೆಲ್ಲ ಒಂದೊಂದಾಗಿ ಮಾಡಿ, ನಾನು ಹಿಂದೆ ನಿಂತು ನೋಡುತ್ತೇನೆ ಅಂದೆ. ಬಾನೆಟ್ ಮುಚ್ಚಿದ. ಏನೂ ಇಲ್ಲ. ಡಿಕ್ಕಿಗೆ ಹಗ್ಗ ಕಟ್ಟಿದರು. ಏನೂ ಇಲ್ಲ. ಇವರು ಹತ್ತಿ ಕೂತು ಬಾಗಿಲು ಹಾಕಿಕೊಂಡರು. ಏನೂ ಇಲ್ಲ. ಜೇಬಿನಿಂದ ಮುಡಿಪು ತೆಗೆದು ಕಣ್ಣಿಗೊತ್ತಿಕೊಂಡು ಕಟ್ಟತೊಡಗಿದರು.

ಇಂಜಿನ್ನಿನ ಸದ್ದು ಬದಲಾಯಿತು. ನೆಗಡಿಯಾದವರ ಗಂಟಲ ಹಾಗೆ ದಪ್ಪಗಾಯಿತು. ಸೈಲೆನ್ಸರ್ ಒಂದು ಸಲ ಕೆಮ್ಮಿತು. ಆಮೇಲೆ ಕಪ್ಪಗೆ ಉಗುಳತೊಡಗಿತು.

"ಅದನ್ನ ಬಿಚ್ಚಿ" ಅಂದೆ.

"ಯಾವುದನ್ನ?"

"ಕೈಲಿರೋದನ್ನ."

ಬಿಚ್ಚಿದರು. ಸದ್ದು ಸಣ್ಣಗಾಯಿತು, ಹೊಗೆ ನಿಂತಿತು. ಕಟ್ಟಿ ಅಂದೆ. ಕಟ್ಟಿದರು. ಕಪ್ಪು.

ಮೆಕ್ಯಾನಿಕ್ ಓಡಿ ಹೋಗಿ ಒಳಗೆ ಬಗ್ಗಿ ನೋಡಿದ. ಮುಡಿಪಿನ ದಾರ ಸುತ್ತಿದ್ದು ಆ ಕರೀ ಗುಂಡಿಗೆ. ಬೇರೆ ಎಲ್ಲೂ ಸಿಕ್ಕಿಸುವ ಜಾಗ ಇರಲಿಲ್ಲ. ಗುಂಡಿ ಸ್ಟೇರಿಂಗ್ ಪಕ್ಕದ ಹಲಗೆಗೆ ಅಂಟಿಕೊಂಡಿರುವುದರಿಂದ ಅದನ್ನು ಒಂದಿಷ್ಟು ಹೊರಗೆಳೆದು, ಹಿಂದಿನ ಕಡ್ಡಿಗೆ ದಾರ ಸುತ್ತಬೇಕು. ಸುತ್ತಿದ ದಾರ ಗುಂಡಿಯನ್ನು ಮತ್ತೆ ಒಳಗೆ ಹೋಗಲು ಬಿಡದೆ ತಡೆದು ನಿಲ್ಲಿಸುತ್ತಿತ್ತು. ಬಿಚ್ಚಿದರೆ ಸ್ಪ್ರಿಂಗ್ ಅದನ್ನು ಒಳಗೆಳೆದುಕೊಳ್ಳುತ್ತಿತ್ತು. ಗಂಟು ಭಾರವಾದಷ್ಟೂ ಇವರು ಬಿದ್ದೀತು ಅಂತ ದಾರವನ್ನು ಇನ್ನಷ್ಟು ಸುತ್ತು ಸುತ್ತಿದ್ದಾರೆ, ಗುಂಡಿ ಇನ್ನಷ್ಟು ಈಚೆಗೆ ಬಂದಿದೆ. ಚೋಕು ಎಳೆದರೆ ಇಂಜಿನ್ನಿಗೆ ಗಾಳಿ ಕಟ್ಟಾಗಿ ಬರೀ ಪೆಟ್ರೋಲ್ ಹೋಗುತ್ತದೆ. ನಾನು ಕೆಟ್ಟಿದೆ ಅಂತ ಬೆಲೆ ಇಳಿಸಿದ್ದ ಗುಂಡಿ ಕೆಟ್ಟಿರಲೇ ಇಲ್ಲ. ನಮ್ಮನೆಯವರು ಡೀಸೆಲ್ ಟೆಂಪೋದಲ್ಲಿ ಗಾಡಿ ಕಲಿತವರು, ಕೆಟ್ಟ ಗುಂಡಿ ಅಂತ ನಾನೇ ಹೇಳಿದ ಮೇಲೆ ಅವರಿಗೆ ಅದು ಬರೀ ಒಂದು ಮೊಳೆ.

ನಾನು ತಲೆನೋವು ಅಂದಾಗಲೆಲ್ಲ ಒಂದು ನಾಣ್ಯ. ಒಂದು ನಾಣ್ಯಕ್ಕೆ ಇನ್ನೊಂದು ಸುತ್ತು. ಇನ್ನೊಂದು ಸುತ್ತಿಗೆ ಇನ್ನಷ್ಟು ಹೊಗೆ. ಅದು ನನ್ನ ತಲೆಯಲ್ಲಿ ಒಂದರ ಹಿಂದೊಂದು ಜೋಡಿಸಿಕೊಂಡು ಹೋಯಿತು, ಬೇಡ ಅಂದರೂ ನಿಲ್ಲಲಿಲ್ಲ.

ಅತ್ತೆ ದೂರದಲ್ಲಿ ನಿಂತಿದ್ದರು. "ಏನಂತ್ಲಾ?" ಅಂದರು ಮಗನಿಗೆ. ಇವರು ಮುಡಿಪು ಬಿಚ್ಚಿ ಜೇಬಿಗಿಟ್ಟುಕೊಂಡರು. ಮೆಕ್ಯಾನಿಕ್ ನೆಲ ನೋಡಿದ. ಮಾತು ಜೋರಿದ್ದ ಮನುಷ್ಯ ಆವತ್ತು ಬಾಯಿ ಬಿಟ್ಟಿದ್ದರೆ ಒಳ್ಳೆಯದಿತ್ತು. ಕೊನೆಗೆ ನಾನೇ ಹೇಳಿದೆ. ಮುಚ್ಚಿಡಬಹುದಿತ್ತು. ಆದರೆ ಮುಚ್ಚಿಟ್ಟರೆ ಸಂಜೆ ಅವರು ಇನ್ನೊಂದು ನಾಣ್ಯ ಹಾಕಿ ಅಲ್ಲೇ ಕಟ್ಟು ಅನ್ನುತ್ತಾರೆ.

"ಅತ್ತೆಮ್ಮ, ಮುಡಿಪು ಕಟ್ಟಿದ ಜಾಗ ಸರಿಯಿಲ್ಲ. ಆ ಗುಂಡಿ ಎಳೆದರೆ ಹೊಗೆ ಜಾಸ್ತಿ ಬರುತ್ತೆ. ಹೊಗೆ ಒಳಗೆ ಬರ್ತಿತ್ತು. ಕೋಳಿ ಸತ್ತದ್ದು ಅದಕ್ಕೇ."

ಅವರು ಅರ್ಥವಾಗದವರ ಹಾಗೆ ನಿಂತರು. ಆಮೇಲೆ ಅಲ್ಲೇ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತರು.

"ನಾನ್ ಕಟ್ಟಿದ್ದಾ?"

ಮಗನ ಜೇಬಿನ ಕಡೆ ನೋಡಿದರು.

"ಒಟ್ಟೇಲಿರಾದು ಆಡ್ತಾ ಅದಾ?" ಅಂದರು. ನನ್ನ ಮುಖ ನೋಡದೆ ಕೇಳಿದರು.

ನಾನು ಉತ್ತರ ಕೊಡಲು ಬಾಯಿ ತೆಗೆದೆ. ಆಗ ನೆನಪಾಯಿತು. ಕೋಳಿ, ಪುಕ್ಕ, ಹೊಗೆ ಅಂತ ಅದರ ಹಿಂದೆಯೇ ಬಿದ್ದಿದ್ದೆ. ಹೊಟ್ಟೆಯೊಳಗೆ ಅದು ಕೊನೆಯ ಸಲ ಯಾವಾಗ ಹೊರಳಿತ್ತು? ಸಂತೆಗೆ ಹೋಗುವ ಬೆಳಗ್ಗೆ ಹೊರಳಿತ್ತು. ಆಮೇಲೆ? ಆಮೇಲಿನದು ನೆನಪಿಗೇ ಬರಲಿಲ್ಲ. ನಾನು ಹೊಟ್ಟೆ ಮುಟ್ಟಿಕೊಂಡೆ, ಅತ್ತೆಗೆ ಗೊತ್ತಾಯಿತು. ಅವರು ಎದ್ದು ನನ್ನ ರಟ್ಟೆ ಹಿಡಿದುಕೊಂಡರು. ಅವರ ಕೈ ಅಷ್ಟು ತಣ್ಣಗಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾರು ಅಲ್ಲೇ ಓಡುತ್ತ ನಿಂತಿತ್ತು, ಯಾರೂ ಆರಿಸಲಿಲ್ಲ. ಆಟೋ ಹಿಡಿದು ಡಾಕ್ಟರಮ್ಮನ ಹತ್ತಿರ ಹೋದೆವು.

ಡಾಕ್ಟರಮ್ಮ ಎಲ್ಲ ಕೇಳಿದರು. ಕೋಳಿಯ ಜುಟ್ಟು ಕೆಂಪಗಿತ್ತು ಅಂದಾಗ, ಆ ಹೊಗೆ ರಕ್ತಕ್ಕೆ ಸೇರಿದರೆ ಹಾಗೇ ಅಂದರು. ಮಧ್ಯದಲ್ಲಿ ಒಂದು ಸಲ, "ಮನೇಲಿದ್ದ ದಿನ ತಲೆನೋವು ಇರ್ತಿರಲಿಲ್ವಾ?" ಅಂದರು. ಇಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ಮಲಗಿಸಿದರು. ಊದುವ ಕೊಂಬಿನ ಹಾಗೆ ಇದ್ದ ಒಂದು ಕೊಳವೆ ಹೊಟ್ಟೆಯ ಮೇಲಿಟ್ಟು ಅದರ ಇನ್ನೊಂದು ತುದಿಗೆ ಕಿವಿ ಕೊಟ್ಟರು. ಒಂದು ಕಡೆ ಕೇಳಿದರು. ಕೊಳವೆ ಸರಿಸಿದರು. ಇನ್ನೊಂದು ಕಡೆ. ಮತ್ತೆ ಸರಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಚೌಕಾಸಿ ಮಾಡುವವಳಿಗೆ ಮುಖ ಓದುವುದು ಕಸುಬು, ಎದುರಿನವರು ಬಾಯಲ್ಲಿ ಏನೇ ಅನ್ನಲಿ, ಕಣ್ಣಿನಲ್ಲಿ ನಿಜವಾದ ಬೆಲೆ ಇರುತ್ತದೆ. ಆವತ್ತು ಆ ಮುಖದಲ್ಲಿ ನನಗೆ ಏನೂ ಓದಲಾಗಲಿಲ್ಲ. ಬಾಗಿಲ ಹತ್ತಿರ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಪಕ್ಕೆಯ ಕೆಳಗೆ ಕೊಳವೆ ನಿಂತಿತು. ಡಾಕ್ಟರಮ್ಮ ತಮ್ಮ ಕೈಗಡಿಯಾರ ನೋಡಿದರು.

"ಬಡ್ಕೋತಿದೆ" ಅಂದರು.

ನಾನು ಅತ್ತಿದ್ದು ನನಗೇ ಆಮೇಲೆ ಗೊತ್ತಾದದ್ದು, ಕಿವಿಯೊಳಗೆ ನೀರು ಹೋದಾಗ. ಆದರೆ ಅವರು ನಗಲಿಲ್ಲ. ಆ ಹೊಗೆ ತಾಯಿಯ ರಕ್ತಕ್ಕೆ ಸೇರಿದರೆ ಮಗುವಿಗೆ ಹೋಗಬೇಕಾದ ಉಸಿರು ಕಡಿಮೆಯಾಗುತ್ತದೆ, ಎಷ್ಟು ಕಡಿಮೆಯಾಗಿದೆ, ಏನು ಮಾಡಿದೆ ಅನ್ನುವುದನ್ನು ಹೆರಿಗೆಯವರೆಗೆ ಹೇಳಲಾಗದು ಅಂದರು. ಹೆರಿಗೆಯಾದ ಮೇಲೂ ಕೂಡಲೇ ಹೇಳಲಾಗದಿರಬಹುದು ಅಂದರು. ಇನ್ನು ಮೇಲೆ ಕಾರು ಬೇಡ, ಒಲೆ ಹೊಗೆಯೂ ಬೇಡ, ಗಾಳಿಯಾಡುವ ಕಡೆ ಇರು. ಅಷ್ಟೇ ಔಷಧಿ.

ಹೊರಗೆ ಬಂದ ಮೇಲೆ ಅತ್ತೆ ಮಗನ ಕಡೆ ಕೈ ಚಾಚಿದರು. "ಕೊಡ್ಲಾ ಇಲ್ಲಿ."

ಇವರು ಮುಡಿಪು ಕೊಟ್ಟರು.

"ಕೂಸು ಬಂದ ಮೇಲಲ್ವಾ ಅವ್ವ ಹಾಕೋದು?"

"ಅಲ್ಲೀಗಂಟ ಇದ್ನ ಮನೇಲಿ ಮಡಿಕ್ಕಳಾಕೆ ನನ್ನ ಕೈಲಾಗಲ್ಲ" ಅಂದು ದೇವಸ್ಥಾನದ ಕಡೆ ನಡೆದುಬಿಟ್ಟರು. ನಾವಿಬ್ಬರೂ ಹಿಂದೆ ಹೋಗಲಿಲ್ಲ. ವಾಪಸ್ಸು ಬಂದಾಗ ಕೈ ಖಾಲಿ ಇತ್ತು, ಹಣೆಗೆ ವಿಭೂತಿಯೂ ಇರಲಿಲ್ಲ.

ಆ ಉಳಿದ ತಿಂಗಳುಗಳನ್ನು ಹೇಗೆ ಕಳೆದೆವು ಅಂತ ಬರೆಯುವುದು ಕಷ್ಟ. ಮೆಕ್ಯಾನಿಕ್ ಸಂದಿಗೆ ತಗಡು ಹೊಡೆದುಕೊಟ್ಟ, ಕೂಲಿ ಬೇಡ ಅಂದ. ಜೀವನದಲ್ಲಿ ಒಂದೇ ಸಲ ನಾನು ತಗೋ ಅಂತ ಒತ್ತಾಯ ಮಾಡಿದ್ದು ಅವನಿಗೆ. ಕಾರಿನ ಮೇಲೆ ಕ್ಯಾರಿಯರ್ ಹಾಕಿಸಿ ಕೊ‍ಳಗಗಳನ್ನು ಅಲ್ಲಿಗೆ ಏರಿಸಿದೆವು, ಡಿಕ್ಕಿಯನ್ನು ಮತ್ತೆ ಯಾವತ್ತೂ ತೆರೆದು ಓಡಿಸಲಿಲ್ಲ. ನೀವೂ ಓಡಿಸಬೇಡಿ, ಐದು ನಿಮಿಷದ ದಾರಿಯಾದರೂ. ಪೆಟ್ರೋಲ್ ಮತ್ತೆ ಮೂರು ಸಂತೆಗೆ ಬರತೊಡಗಿತು. ಆ ಉಳಿತಾಯ ನೋಡಿ ನನಗೆ ಸಂತೋಷವೇ ಆಗಲಿಲ್ಲ, ಅದೊಂದು ಆಶ್ಚರ್ಯ.

ಸಂತೆಗೆ ಇವರೊಬ್ಬರೇ ಹೋಗುತ್ತಿದ್ದರು. ನಾನು ಮನೆ ಜಗಲಿಯ ಮೇಲೆ ಗಾಳಿಗೆ ಮುಖ ಕೊಟ್ಟು ಕೂರುತ್ತಿದ್ದೆ. ಅತ್ತೆ ಸೌದೆ ಒಲೆಯನ್ನು ಹಿತ್ತಲ ತುದಿಗೆ ಸಾಗಿಸಿ, ಅಲ್ಲಿ ಬಿಸಿಲಲ್ಲಿ ಕೂತು ಅಡುಗೆ ಮಾಡುತ್ತಿದ್ದರು. ಗಾಳಿ ಮನೆಯ ಕಡೆ ತಿರುಗಿದರೆ ಅರ್ಧ ಬೆಂದ ಅನ್ನಕ್ಕೂ ನೀರು ಸುರಿದು ಬೆಂಕಿ ಆರಿಸುತ್ತಿದ್ದರು. ಮೊದಲು ನನ್ನ ಜೊತೆ ಜಗಳ ಆಡುತ್ತಿದ್ದವರು, ಸೊಸೆ ವ್ಯಾಪಾರ ಮಾಡುವುದು ಬೀದಿಯವರಿಗೆಲ್ಲ ಗೊತ್ತು ಅಂತ ಕೊಂಕು ಆಡುತ್ತಿದ್ದವರು, ಆಗ ಮಾತನ್ನೇ ನಿಲ್ಲಿಸಿದ್ದರು. ದಿನಕ್ಕೆ ಒಂದೇ ಪ್ರಶ್ನೆ. "ಆಡ್ತಾ?" ಹೂಂ ಅಂದರೆ ಒಳಗೆ ಹೋಗುತ್ತಿದ್ದರು. ನಾನು ಒಂದು ದಿನ, "ನಿಮ್ಮಿಂದ ಏನೂ ಆಗಿಲ್ಲ ಅತ್ತೆಮ್ಮ, ನನಗೆ ಒಳ್ಳೆಯದಾಗಲಿ ಅಂತಲ್ಲವಾ ನೀವು ಕಟ್ಟಿದ್ದು" ಅಂದೆ. "ಅದೇ ಕಣವ್ವ" ಅಂದರು. ಎದ್ದು ಒಲೆಯ ಕಡೆ ಹೋದರು.

ನೋವು ಬಂದದ್ದು ಹಗಲು ಹೊತ್ತು. ಹೆಣ್ಣು ಮಗು. ಅಳುವುದಕ್ಕೆ ಸ್ವಲ್ಪ ತಡ ಮಾಡಿತು, ಆ ಸ್ವಲ್ಪದಲ್ಲಿ ನನ್ನ ಪ್ರಾಣ ಹೋಗಿ ಬಂತು. ಆಮೇಲೆ ಅತ್ತದ್ದು ಹೇಗೆ ಅಂದರೆ, ಸಂತೆಯಲ್ಲಿ ಕೂಗಿ ಕರೆಯುವ ಗಂಟಲು ಎಲ್ಲಿಂದ ಬಂತು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಡಾಕ್ಟರಮ್ಮ ಕೈಕಾಲು ಬಗ್ಗಿಸಿ ನೋಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು. ಈಗಂತೂ ಏನೂ ಕಾಣ್ತಿಲ್ಲ ಅಂದರು. ತೊಳೆದು ಬಟ್ಟೆ ಸುತ್ತಿದ ಮಗುವನ್ನು ಆಯಾ ಮೊದಲು ಅತ್ತೆಯ ಕೈಗೆ ಕೊಟ್ಟಳು.

ಹೆಣ್ಣೋ ಗಂಡೋ ಅಂತ ಅವರು ಕೇಳಲಿಲ್ಲ. ಯಾರ ಹೋಲಿಕೆ ಅಂತ ನೋಡಲಿಲ್ಲ. ಬಾಗಿ ಮಗುವಿನ ನೆತ್ತಿಯನ್ನು ಮೂಸಿದರು. ಕತ್ತಿನ ಸಂದು ಮೂಸಿದರು. ಮುಷ್ಟಿ ಬಿಡಿಸಿ ಅಂಗೈ ಮೂಸಿದರು. ಆಮೇಲೆ ಮಂಚದ ಪಕ್ಕ ಬಂದು ನನ್ನ ತೋಳಿನ ಮೇಲೆ ಮಲಗಿಸಿದರು.

"ಒಗೆ ವಾಸ್ನೆ ಇಲ್ಲ ಕಣವ್ವ" ಅಂದರು. "ನೀನೂ ಒಂದ್ ಕಿತ ನೋಡು."